ತಪ್ಪು ಕೇಬಲ್ಲಿನದಲ್ಲ

ಟಿವಿಯಲ್ಲಿ ಚಿತ್ರ ಬರುತ್ತಿಲ್ಲ ಎಂದು ಯಾರನ್ನು ಕೇಳಿದರೂ ಮೊದಲು ಸಿಗುವ ಉತ್ತರ ಒಂದೇ: ಕೇಬಲ್ ಬದಲಿಸಿ ನೋಡಿ. ಅಂಗಡಿಯವರು ಹೇಳುವುದು ಅದನ್ನೇ. ಕಸ್ಟಮರ್ ಕೇರ್‌ನವರು ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ ಹೇಳುವುದೂ ಅದನ್ನೇ. ಇಂಜಿನಿಯರಿಂಗ್ ಓದಿದ ಭಾವಮೈದುನ ವಾಟ್ಸಾಪ್‌ನಲ್ಲಿ ಹೇಳುವುದೂ ಅದನ್ನೇ. ಸರಿ ಎಂದು ಮುಂಬೈಯವರು ಲ್ಯಾಮಿಂಗ್ಟನ್ ರೋಡಿಗೆ, ಚೆನ್ನೈಯವರು ರಿಚ್ಚಿ ಸ್ಟ್ರೀಟಿಗೆ, ಪುಣೆಯವರು ತಪಕೀರ್ ಗಲ್ಲಿಗೆ, ದೆಹಲಿಯವರು ನೆಹರೂ ಪ್ಲೇಸಿಗೆ ಹೋಗಿ ಇನ್ನೊಂದು ಎಚ್‌ಡಿಎಂಐ ಕೇಬಲ್ ತರುತ್ತಾರೆ. ಚಿನ್ನದ ಲೇಪನ, ಹೆಣೆದ ನೈಲಾನ್ ಹೊದಿಕೆ, ಹಳೆಯದಕ್ಕಿಂತ ಮೂರು ಪಟ್ಟು ಬೆಲೆ. ಹಾಕಿದ ಕೂಡಲೇ ಚಿತ್ರ ಬರುತ್ತದೆ, ಮನೆಯವರೆಲ್ಲ ಉಸ್ಸಪ್ಪಾ ಎನ್ನುತ್ತಾರೆ. ಮರುದಿನ ಸಂಜೆ ಪರದೆ ಮತ್ತೆ ಕಪ್ಪು. ಹೀಗೆ ಎರಡು ಮೂರು ಸುತ್ತು ಮುಗಿಯುವಷ್ಟರಲ್ಲಿ ಡ್ರಾಯರಿನಲ್ಲಿ ನಾಲ್ಕೈದು ಕೇಬಲ್ ಒಂದಕ್ಕೊಂದು ಸುತ್ತಿಕೊಂಡು ಬಿದ್ದಿರುತ್ತವೆ. ಯಾವುದು ಕೆಟ್ಟಿದೆ, ಯಾವುದು ನೆಟ್ಟಗಿದೆ ಎಂದು ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇಲ್ಲ.

ಹೊಸ ಕೇಬಲ್ ಹಾಕಿದ ದಿನ ಚಿತ್ರ ಬಂದದ್ದಕ್ಕೆ ಹೊಸ ಕೇಬಲ್ಲೇ ಕಾರಣ ಎಂದು ಎಲ್ಲರೂ ನಂಬುತ್ತಾರೆ. ಅನೇಕ ಸಲ ಕಾರಣ ಬೇರೆ. ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚಿದಾಗ ಎರಡು ಯಂತ್ರಗಳ ನಡುವಿನ ಮಾತುಕತೆ ಮೊದಲಿನಿಂದ ಶುರುವಾಯಿತು, ಈ ಸಲ ಕೂಡಿಬಂತು, ಅಷ್ಟೇ. ಹಳೆಯ ಕೇಬಲ್ಲನ್ನೇ ಕಿತ್ತು ಮತ್ತೆ ಚುಚ್ಚಿದ್ದರೂ ಆಗುತ್ತಿತ್ತು. ತಾಯತ ಕಟ್ಟಿದ ದಿನವೇ ಜ್ವರ ಇಳಿದಂತೆ: ಕೀರ್ತಿ ತಾಯತಕ್ಕೆ, ದಕ್ಷಿಣೆ ಕಟ್ಟಿದವನಿಗೆ.

ಹೋಮ್ ಥಿಯೇಟರ್ ಇಟ್ಟುಕೊಂಡ ಮನೆಗಳಲ್ಲಿ ಕಾಣುವ ಕಪ್ಪು ಪರದೆಗಳಲ್ಲಿ ಅನೇಕವು ಕೆಟ್ಟುಹೋದದ್ದರ ಗುರುತೇ ಅಲ್ಲ. ಅದು ಯಂತ್ರ ತೆಗೆದುಕೊಂಡ ತೀರ್ಮಾನ. ಈ ಚಿತ್ರವನ್ನು ಈ ಪರದೆಗೆ ಕಳಿಸಬಾರದು ಎಂದು ಯಂತ್ರವೇ ನಿರ್ಧರಿಸಿದೆ. ಯಾಕೆ ಎಂಬುದೂ ಅದಕ್ಕೆ ಗೊತ್ತಿದೆ. ದುಡ್ಡು ಕೊಟ್ಟು ಕೊಂಡವರಿಗೆ ಮಾತ್ರ ಹೇಳುವುದಿಲ್ಲ. ಜಗಳ ಇರುವುದು ಇಲ್ಲಿ. ಯಂತ್ರ ಕೆಡುವುದು ಸಹಜ, ಕೆಟ್ಟರೆ ರಿಪೇರಿ ಮಾಡಿಸಬಹುದು. ಸುಮ್ಮನೆ ಕೂತ ಯಂತ್ರವನ್ನು ರಿಪೇರಿ ಮಾಡುವುದು ಹೇಗೆ?

ಹಳೆಯ ಟಿವಿಗೆ ಕಾಯಿಲೆ ಬಂದರೆ ಮುಖದಲ್ಲಿ ಕಾಣುತ್ತಿತ್ತು. ದೂರದರ್ಶನದ ಕಾಲದಲ್ಲಿ ಅಣ್ಣ ಮಾಳಿಗೆ ಮೇಲೆ ಆಂಟೆನಾ ತಿರುಗಿಸುತ್ತಿದ್ದ, ತಂಗಿ ಕಿಟಕಿಯಲ್ಲಿ ನಿಂತು "ಬಂತು, ಬಂತು... ಅಯ್ಯೋ ಹೋಯ್ತು, ಸ್ವಲ್ಪ ಈ ಕಡೆ" ಎಂದು ಕೂಗುತ್ತಿದ್ದಳು. ಪರದೆ ತುಂಬ ಇರುವೆ ಹರಿದಾಡಿದರೆ ಸಿಗ್ನಲ್ ಸಾಲದು, ಒಂದು ಮುಖಕ್ಕೆ ಎರಡು ನೆರಳು ಬಿದ್ದರೆ ಆಂಟೆನಾದ ದಿಕ್ಕು ಸರಿಯಿಲ್ಲ. ಆಮೇಲೆ ಬಂದ ಹಳದಿ, ಕೆಂಪು, ಬಿಳಿ ಪಿನ್ನುಗಳೂ ಅಷ್ಟೇ ಪ್ರಾಮಾಣಿಕ. ಕೆಂಪು ಸಡಿಲವಾದರೆ ಬಲಗಡೆಯ ಸ್ಪೀಕರ್ ಸುಮ್ಮನಾಗುತ್ತಿತ್ತು, ಹಳದಿ ಕಳಚಿದರೆ ಸದ್ದು ಇದ್ದು ಚಿತ್ರ ಹೋಗುತ್ತಿತ್ತು. ಓದು ಬರಹ ಬಾರದವರೂ ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುತ್ತಿದ್ದರು. ಚಿತ್ರದ ಗುಣಮಟ್ಟ ಕಳಪೆಯಾಗಿತ್ತು, ನಿಜ. ಅದರ ದೋಷವಾದರೂ ಕಣ್ಣಿಗೆ ಕಾಣುತ್ತಿತ್ತು.

ಸೋನಿ, ಫಿಲಿಪ್ಸ್, ತೋಷಿಬಾ, ಹಿಟಾಚಿ ಸೇರಿದಂತೆ ಏಳು ಕಂಪನಿಗಳು ಕೂಡಿ 2002ರ ಡಿಸೆಂಬರ್‌ನಲ್ಲಿ ಎಚ್‌ಡಿಎಂಐನ ಮೊದಲ ಆವೃತ್ತಿ ಹೊರತಂದಾಗ ಕೊಟ್ಟ ಭರವಸೆ ಸರಳವಾಗಿತ್ತು: ಚಿತ್ರ, ಧ್ವನಿ ಎರಡಕ್ಕೂ ಒಂದೇ ತಂತಿ. ಆ ಅನುಕೂಲವನ್ನು ಅಲ್ಲಗಳೆಯುವುದು ಅನ್ಯಾಯ. ಚಿತ್ರಕ್ಕೆ ಮೂರು, ಧ್ವನಿಗೆ ಎರಡು ಎಂದು ಐದು ತಂತಿ ಎಳೆಯುತ್ತಿದ್ದವರಿಗೆ ಅದು ವರವೇ ಆಗಿತ್ತು. ಆದರೆ ಆ ಒಂದು ತಂತಿಯ ಬಾಯಲ್ಲಿ 19 ಪಿನ್‌ಗಳಿವೆ. ಅವೆಲ್ಲ ಚಿತ್ರ, ಧ್ವನಿಗಳನ್ನೇ ಹೊರುತ್ತವೆ ಎಂದುಕೊಂಡರೆ ತಪ್ಪು. ಕೆಲವು ಪಿನ್‌ಗಳ ಕೆಲಸ ಕೇವಲ ವಿಚಾರಣೆ.

ಪ್ಲೇಯರ್ ಅಥವಾ ಸೆಟ್‌ಟಾಪ್ ಬಾಕ್ಸನ್ನು ಚಾಲೂ ಮಾಡಿದಾಗ ಮೊದಲು ನಡೆಯುವುದು ಹಾಜರಿ. ಆ ಕಡೆ ಯಾರಾದರೂ ಇದ್ದಾರೆಯೇ ಎಂದು ಒಂದು ಪಿನ್ ನೋಡುತ್ತದೆ. ಆಮೇಲೆ ಟಿವಿ ತನ್ನ ಜಾತಕ ಒಪ್ಪಿಸಬೇಕು. ಎಷ್ಟು ರೆಸಲ್ಯೂಷನ್ ತೋರಬಲ್ಲೆ, ಸೆಕೆಂಡಿಗೆ ಎಷ್ಟು ಚೌಕಟ್ಟು, ಯಾವ ಬಣ್ಣ, ಯಾವ ಧ್ವನಿ ಎಂಬ ಪುಟ್ಟ ದಾಖಲೆ ಅದು, ಇಡಿಐಡಿ ಎಂದು ಹೆಸರು. ಅದನ್ನು ಓದಿ ಪ್ಲೇಯರ್ ತಾನು ಏನು ಕಳಿಸಬೇಕೆಂದು ಗೊತ್ತುಮಾಡಿಕೊಳ್ಳುತ್ತದೆ. ಮೂರನೆಯದು ಕುಲಗೋತ್ರದ ತನಿಖೆ. ಅದಕ್ಕೆ ಎಚ್‌ಡಿಸಿಪಿ ಎಂದು ಹೆಸರು, ಹುಟ್ಟಿದ್ದು ಇಂಟೆಲ್ ಕಂಪನಿಯಲ್ಲಿ. ಎರಡೂ ಕಡೆಯ ಯಂತ್ರಗಳು ತಮ್ಮ ಗುಪ್ತ ಕೀಲಿಗಳ ಲೆಕ್ಕ ಒಪ್ಪಿಸಿ, ತಾವು ಪರವಾನಗಿ ಪಡೆದ ಮನೆತನದವು, ಕದ್ದು ರೆಕಾರ್ಡ್ ಮಾಡುವ ಪೈಕಿ ಅಲ್ಲ ಎಂದು ಸಾಬೀತು ಮಾಡಬೇಕು. ಹಳೆಯ ಎಚ್‌ಡಿಸಿಪಿಯಲ್ಲಿ ಈ ತನಿಖೆ ಒಮ್ಮೆಗೆ ಮುಗಿಯುವುದೂ ಇಲ್ಲ. ಪ್ರತಿ 128 ಚೌಕಟ್ಟಿಗೊಮ್ಮೆ, ಎಂದರೆ ಸುಮಾರು ಎರಡು ಸೆಕೆಂಡಿಗೊಮ್ಮೆ, ಲೆಕ್ಕ ತಾಳೆಯಾಗುತ್ತಿರಬೇಕು. ಸಿನಿಮಾದ ನಡುವೆ ಪರದೆ ಎರಡು ಕ್ಷಣ ಕಪ್ಪಾಗಿ ಮತ್ತೆ ಚಿತ್ರ ಬರುತ್ತದಲ್ಲ, ಅನೇಕ ಸಲ ಅದು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ವಿಚಾರಣೆ ನಡೆದ ಹೊತ್ತು.

ಟಿವಿ ಒಂದೇ ಇದ್ದರೆ ಇದು ಹೇಗೋ ನಡೆದುಹೋಗುತ್ತದೆ. ಹೋಮ್ ಥಿಯೇಟರಿನಲ್ಲಿ ನಡುವೆ ಒಂದು ರಿಸೀವರ್ ಕೂತಿರುತ್ತದೆ, ಇಲ್ಲವೇ ಸೌಂಡ್‌ಬಾರ್. ಅದು ಮಧ್ಯಸ್ಥ. ಅದು ತನ್ನ ಕುಲ ಹೇಳಿದರೆ ಸಾಲದು, ತನ್ನ ಹಿಂದೆ ಇರುವ ಟಿವಿಯದ್ದನ್ನೂ, ಪ್ರೊಜೆಕ್ಟರ್ ಇದ್ದರೆ ಅದರದ್ದನ್ನೂ ಹೇಳಿ ಜಾಮೀನು ನಿಲ್ಲಬೇಕು. ಎಚ್‌ಡಿಸಿಪಿಯ ಎರಡನೆಯ ಪೀಳಿಗೆಯಲ್ಲಿ ಇದಕ್ಕೆ ಗಡಿಯೂ ಇದೆ: ನಾಲ್ಕು ಹಂತ, 32 ಸಾಧನ. ಉತ್ತರ ಬರುವುದು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ತಡವಾದರೂ ಅನುಮಾನ. ಹೀಗಾಗಿ ಟಿವಿಯನ್ನು ಮೊದಲು ಹಚ್ಚಿದರೆ ಚಿತ್ರ ಬರುತ್ತದೆ, ರಿಸೀವರನ್ನು ಮೊದಲು ಹಚ್ಚಿದರೆ ಬರುವುದಿಲ್ಲ ಎಂಬಂಥ ವಿಚಿತ್ರ ಮಡಿ ಮೈಲಿಗೆಗಳು ಮನೆಮನೆಯಲ್ಲೂ ಹುಟ್ಟಿಕೊಂಡಿವೆ. "ಮೊದಲು ಟಿವಿ, ಆಮೇಲೆ ಆಂಪ್ಲಿಫೈಯರ್, ಕೊನೆಗೆ ಬಾಕ್ಸ್" ಎಂದು ಚೀಟಿ ಬರೆದು ರಿಮೋಟಿಗೆ ಅಂಟಿಸಿದ ಮನೆಗಳಿವೆ. ಮೂಢನಂಬಿಕೆ ಎಂದು ನಗುವಂತಿಲ್ಲ, ಅದು ಕೆಲಸ ಮಾಡುತ್ತದೆ! ಯಾಕೆ ಮಾಡುತ್ತದೆ ಎಂದು ಮಾತ್ರ ಆ ಚೀಟಿ ಬರೆದವರಿಗೆ ಯಾರೂ ಹೇಳಿಲ್ಲ.

ಇದರ ಪೆಟ್ಟು ಬೀಳುವುದು ಯಾರ ಮೇಲೆ ಎಂಬುದನ್ನು ನೋಡಬೇಕು. ಧಾರವಾಡದಿಂದಲೋ ಹಾಸನದಿಂದಲೋ ನಿವೃತ್ತಿಯ ನಂತರ ಮಗನ ಜೊತೆ ಇರಲು ಪುಣೆಗೋ ಹೈದರಾಬಾದಿಗೋ ಬಂದ ಅಪ್ಪ ಅಮ್ಮ ಇರುತ್ತಾರೆ. ಅಕ್ಕಪಕ್ಕದಲ್ಲಿ ಕನ್ನಡ ಮಾತಾಡುವವರಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಕನ್ನಡ ಸಿನಿಮಾ ಬಂದರೂ ರಾತ್ರಿ ಹತ್ತರ ಒಂದೇ ಆಟ. ಮಧ್ಯಾಹ್ನದ ಹೊತ್ತಿಗೆ ಅವರ ಪಾಲಿಗೆ ಊರೆಂದರೆ ಆ ಟಿವಿ. ಮಗ ಪ್ರೀತಿಯಿಂದಲೇ ತಂದಿಟ್ಟ ಆ ದೊಡ್ಡ ಪರದೆ, ಆರು ಸ್ಪೀಕರ್ ಒಂದು ದಿನ ಸುಮ್ಮನೆ ಕಪ್ಪಾಗುತ್ತವೆ. ಆಫೀಸಿನಿಂದ ಮಗನ ಫೋನು: "ಅಪ್ಪಾ, ನೀವು ಯಾವ ಬಟನ್ ಒತ್ತಿದಿರಿ?" "ನಾನು ಏನೂ ಮುಟ್ಟಿಲ್ಲಪ್ಪ." ಆ ಉತ್ತರ ನಿಜ. ಅದನ್ನು ಯಾರೂ ನಂಬುವುದಿಲ್ಲ, ನಾಲ್ಕು ಸಲ ಹೀಗಾದ ಮೇಲೆ ಅವರೂ ನಂಬುವುದಿಲ್ಲ. ಮಗ ಬರುವ ತನಕ ರಿಮೋಟನ್ನು ಮುಟ್ಟದೆ ಕೂರುವುದು ರೂಢಿಯಾಗುತ್ತದೆ. ಬ್ಯಾಂಕಿನಲ್ಲಿ, ಶಾಲೆಯಲ್ಲಿ ಮೂವತ್ತು ವರ್ಷ ದುಡಿದು ಬಂದವರಿಗೆ ತಮ್ಮ ಕೈಯ ಮೇಲೇ ಅನುಮಾನ ಹುಟ್ಟಿಸಿದ್ದು ಎರಡು ಯಂತ್ರಗಳ ನಡುವೆ ಮುರಿದುಬಿದ್ದ ಒಂದು ವಿಚಾರಣೆ. ಪರದೆಯ ಮೇಲೆ ಒಂದು ಸಾಲು ಬಂದಿದ್ದರೆ ಸಾಕಿತ್ತು: ರಿಸೀವರ್ ಉತ್ತರ ಕೊಡುತ್ತಿಲ್ಲ, ಆರಿಸಿ ಮತ್ತೆ ಹಚ್ಚಿ.

ಈ ಬಿಗಿಯಾದರೂ ಯಾತಕ್ಕೆ ಎಂದು ಕೇಳಿದರೆ ಕಳ್ಳತನ ತಡೆಯಲು ಎನ್ನುತ್ತಾರೆ. ಸಿನಿಮಾ ಮಾಡುವವರ ಭಯ ಸುಳ್ಳಲ್ಲ. ಬಿಡುಗಡೆಯ ದಿನವೇ ಕನ್ನಡ ಸಿನಿಮಾಗಳ ಕಳ್ಳಪ್ರತಿ ಟೆಲಿಗ್ರಾಮ್‌ನಲ್ಲಿ ಹರಿದಾಡುವುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಥಿಯೇಟರಿನ ಸೀಟಿನಲ್ಲಿ ಕೂತು ಮೊಬೈಲ್ ಹಿಡಿದು ಮಾಡಿದ ಪ್ರತಿಗೂ ಮನೆಯ ಎಚ್‌ಡಿಎಂಐ ತಂತಿಗೂ ಯಾವ ಸಂಬಂಧ? ಇನ್ನು ಎಚ್‌ಡಿಸಿಪಿಯ ಮೊದಲ ಪೀಳಿಗೆಯ ಮೂಲ ಕೀಲಿಯೇ 2010ರ ಸೆಪ್ಟೆಂಬರ್‌ನಲ್ಲಿ ಇಂಟರ್ನೆಟ್ಟಿನಲ್ಲಿ ಬಯಲಾಯಿತು. ಅದು ಅಸಲಿ ಎಂದು ಸ್ವತಃ ಇಂಟೆಲ್ ಒಪ್ಪಿಕೊಂಡಿತು. ಬಯಲಾದ ಮೇಲೂ ಕೋಟ್ಯಂತರ ಮನೆಗಳಲ್ಲಿ ಆ ಬೀಗವನ್ನೇ ಹಾಕಿ ತೆಗೆಯಲಾಗುತ್ತಿದೆ. ಕದ್ದು ಇಳಿಸಿಕೊಂಡ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದವನಿಗೆ ಹಾಜರಿಯಿಲ್ಲ, ಜಾಮೀನಿಲ್ಲ, ಕುಲಗೋತ್ರವಿಲ್ಲ. ಕಾಳಿಂಗ ಸರ್ಪದಂಥ ಕೇಬಲ್ ಕೊಂಡು, ಮೂರು ಓಟಿಟಿಗೆ ವರ್ಷದ ಚಂದಾ ಕಟ್ಟಿ, ಬ್ಲೂ-ರೇ ಡಿಸ್ಕನ್ನು ಪೂರ್ತಿ ಬೆಲೆಗೆ ತಂದವನೇ ಪ್ರತಿ ಸಂಜೆ ತಾನು ಕಳ್ಳನಲ್ಲ ಎಂದು ರುಜುವಾತು ಮಾಡಬೇಕು.

ಬೀಗ ಬೇಡ ಎಂಬುದು ಇಲ್ಲಿನ ವಾದವಲ್ಲ. ಅದು ಬೇರೆಯೇ ಹೋರಾಟ, ಅದನ್ನು ಮಾಡುವವರಿದ್ದಾರೆ. ಬೀಗ ಹಾಕಿದವರು ಬೀಗ ಹಾಕಿದ್ದೇವೆ ಎಂದು ಹೇಳಲಿ, ಬೇಡಿಕೆ ಅಷ್ಟೇ.

ಹೇಳದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ 4ಕೆ ಟಿವಿಗಳ ಮೊದಲ ವರ್ಷಗಳೇ ಸಾಕ್ಷಿ. ಎಚ್‌ಡಿಎಂಐ 2.0 ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ. ಅದೇ ಹೊತ್ತಿಗೆ 4ಕೆ ಸಿನಿಮಾಗಳಿಗೆಂದು ಎಚ್‌ಡಿಸಿಪಿ 2.2 ಎಂಬ ಹೊಸ ಬೀಗವೂ ಬಂತು. ಎರಡೂ ಬೇರೆ ಬೇರೆ ಸಂಗತಿ, ಒಂದಿದ್ದರೆ ಇನ್ನೊಂದು ಇರಲೇಬೇಕೆಂದಿಲ್ಲ. 2014ರಲ್ಲಿ ಮಾರಾಟವಾದ ಕೆಲವು ರಿಸೀವರ್‌ಗಳಲ್ಲಿ ಎಚ್‌ಡಿಎಂಐ 2.0 ಇತ್ತು, ಎಚ್‌ಡಿಸಿಪಿ 2.2 ಇರಲಿಲ್ಲ. ಪೆಟ್ಟಿಗೆಯ ಮೇಲೆ ಮಾತ್ರ 4ಕೆ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಕೆಲವು ಟಿವಿಗಳಲ್ಲಿ ಹೊಸ ಬೀಗ ತೆರೆಯಬಲ್ಲ ತೂತು ಒಂದೇ ಇತ್ತು, ಉಳಿದವು ನೋಡಲು ಹಾಗೆಯೇ ಇದ್ದರೂ ಹಳೆಯವು. ಎರಡು ವರ್ಷ ಕಳೆದು 4ಕೆ ಡಿಸ್ಕ್ ಪ್ಲೇಯರ್‌ಗಳು ಅಂಗಡಿಗೆ ಬಂದಾಗ ಆ ರಿಸೀವರ್ ಕೊಂಡವರಿಗೆ ಸಿಕ್ಕಿದ್ದು ಕಪ್ಪು ಪರದೆ, ಇಲ್ಲವೇ ಕಡಿಮೆ ಗುಣಮಟ್ಟದ ಚಿತ್ರ. ಯಂತ್ರ ಕೆಟ್ಟಿರಲಿಲ್ಲ, ಕೇಬಲ್ಲೂ ಕೆಟ್ಟಿರಲಿಲ್ಲ. ಸಾಫ್ಟ್‌ವೇರ್ ಅಪ್‌ಡೇಟಿನಿಂದಲೂ ಬಹುಪಾಲು ಸರಿಹೋಗುವಂತಿರಲಿಲ್ಲ, ಏಕೆಂದರೆ ಬೀಗ ಇರುವುದು ಚಿಪ್ಪಿನಲ್ಲಿ. ಉಳಿದ ದಾರಿ ಇನ್ನೊಂದು ರಿಸೀವರ್ ಕೊಳ್ಳುವುದು.

ಅದಕ್ಕೂ ಮೊದಲು ಇನ್ನೊಂದು ಬಾಗಿಲು ಮುಚ್ಚಲಾಗಿತ್ತು. ಬ್ಲೂ-ರೇ ಡಿಸ್ಕುಗಳ ಬೀಗದ ನಿಯಮದಂತೆ 2010ರ ನಂತರ ತಯಾರಾದ ಪ್ಲೇಯರ್‌ಗಳು ಹಳೆಯ ಅನಲಾಗ್ ತಂತಿಯಲ್ಲಿ ಡಿಸ್ಕಿನ ಎಚ್‌ಡಿ ಚಿತ್ರ ಕಳಿಸುವಂತಿರಲಿಲ್ಲ, 2013ರ ನಂತರದವು ಆ ತಂತಿಯಲ್ಲಿ ಏನನ್ನೂ ಕಳಿಸುವಂತಿರಲಿಲ್ಲ. ಎಂದರೆ ಎಚ್‌ಡಿಎಂಐ ಗೆದ್ದದ್ದು ಗುಣದಿಂದ ಮಾತ್ರವಲ್ಲ, ಎದುರಾಳಿಯನ್ನು ಕಣದಿಂದ ಎಬ್ಬಿಸಿದ್ದರಿಂದಲೂ ಹೌದು.

2020ರ ಕಥೆ ಇನ್ನೂ ಸ್ವಾರಸ್ಯದ್ದು. ಡೆನಾನ್, ಮರಾಂಟ್ಸ್, ಯಮಹಾ ಕಂಪನಿಗಳ ಹೊಸ ರಿಸೀವರ್‌ಗಳು ಎಚ್‌ಡಿಎಂಐ 2.1 ಇದೆ ಎಂಬ ಹೆಗ್ಗಳಿಕೆಯೊಂದಿಗೆ ಬಂದವು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಿಂದ 4ಕೆ ಚಿತ್ರವನ್ನು ಸೆಕೆಂಡಿಗೆ 120 ಚೌಕಟ್ಟಿನಂತೆ ಅವುಗಳ ಮೂಲಕ ಹಾಯಿಸಿದರೆ ಪರದೆ ಕಪ್ಪು. ದೋಷ ಇದ್ದದ್ದು ಒಳಗಿನ ಎಚ್‌ಡಿಎಂಐ ಚಿಪ್ಪಿನಲ್ಲಿ. ಬಯಲಿಗೆಳೆದವರು ಜರ್ಮನಿಯ ತಂತ್ರಜ್ಞಾನ ಪತ್ರಕರ್ತರು. ಮರುವರ್ಷ ಡೆನಾನ್ ಮತ್ತು ಮರಾಂಟ್ಸ್‌ನವರು ನಡುವೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಉಚಿತವಾಗಿ ಕೊಟ್ಟರು, ಯಮಹಾದವರು ಒಳಗಿನ ಬೋರ್ಡನ್ನೇ ಬದಲಿಸಿಕೊಡಲು ಒಪ್ಪಿದರು. ಒಪ್ಪಿಕೊಂಡದ್ದು ಮೆಚ್ಚಬೇಕಾದ ಮಾತು. ಆದರೆ ಆ ಸುದ್ದಿ ಹೊರಬರುವ ತನಕ, ಬಂದರೂ ಅದನ್ನು ಓದದೆ, ಜಗತ್ತಿನಾದ್ಯಂತ ಎಷ್ಟು ಜನ ಕೇಬಲ್ ಬದಲಿಸಿದರೋ! ಪತ್ರಕರ್ತರು ಪ್ರಯೋಗಾಲಯದಲ್ಲಿ ಕೂತು ಕಂಡುಹಿಡಿಯಬೇಕಾದದ್ದನ್ನು ಕೊಂಡವನೊಬ್ಬ ಸೋಫಾದ ಹಿಂದೆ ಬಗ್ಗಿ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕಂಡುಹಿಡಿಯುತ್ತಾನೆಯೇ?

ಇನ್ನು ಆವೃತ್ತಿಗಳ ಅಂಕಿಗಳು. ಎಚ್‌ಡಿಎಂಐ 2.1 ಎಂದರೆ ಸೆಕೆಂಡಿಗೆ 48 ಗಿಗಾಬಿಟ್ ಎಂದು 2017ರಿಂದ ಜನ ತಿಳಿದುಕೊಂಡಿದ್ದರು. 2.0 ಆದರೆ 18. ಅಂಕಿ ದೊಡ್ಡದಾದಷ್ಟೂ ಸಾಮರ್ಥ್ಯ ಹೆಚ್ಚು, ಇಷ್ಟಾದರೂ ಅರ್ಥವಾಗುವಂಥದ್ದು. ಆದರೆ 2021ರ ಡಿಸೆಂಬರ್‌ನಲ್ಲಿ ಬೇರೆಯೇ ಸಂಗತಿ ಹೊರಬಿತ್ತು. ಪರವಾನಗಿ ನೋಡಿಕೊಳ್ಳುವ ಸಂಸ್ಥೆಯ ಲೆಕ್ಕದಲ್ಲಿ 2.0 ಎಂಬುದು ಈಗ ಇಲ್ಲವೇ ಇಲ್ಲ, ಅದು 2.1ರೊಳಗೆ ಲೀನವಾಗಿದೆ. 2.1ರ ಹೊಸ ಗುಣಗಳೆಲ್ಲ ಐಚ್ಛಿಕ. ಹಳೆಯ 18 ಗಿಗಾಬಿಟ್ಟಿನ ತೂತನ್ನೇ ಇಟ್ಟು 2.1 ಎಂದು ಕರೆದರೂ ನಿಯಮದ ಪ್ರಕಾರ ತಪ್ಪಿಲ್ಲ, ಯಾವ ಗುಣ ಇದೆ ಎಂದು ತಯಾರಕರು ತಿಳಿಸಿದರೆ ಆಯಿತು. ತಿಳಿಸುವುದು ಎಲ್ಲಿ? ವೆಬ್‌ಸೈಟಿನ ಕೆಳತುದಿಯಲ್ಲಿ, ಇರುವೆಯ ಕಾಲಿನಂಥ ಅಕ್ಷರದಲ್ಲಿ. ಹಾಲಿನವನು ನೀರು ಬೆರೆಸಿ, ಎಷ್ಟು ಬೆರೆಸಿದ್ದೇನೆ ಎಂದು ಕ್ಯಾನಿನ ತಳದಲ್ಲಿ ಬರೆದಿದ್ದೇನಲ್ಲ ಎಂದಂತೆ. 2025ರಲ್ಲಿ 2.2 ಬಂದಿದೆ, 96 ಗಿಗಾಬಿಟ್ ಅಂತೆ. ಅಂಗಡಿಯ ಶೆಲ್ಫಿನಲ್ಲಿ ಆ ಅಂಕಿ ಯಾವ ಅರ್ಥ ತಾಳುತ್ತದೆ ಎಂಬುದನ್ನು ಹಳೆಯ ಅನುಭವದಿಂದ ಊಹಿಸಬಹುದು.

ಕೇಬಲ್ಲಿನ ಮೇಲೆ ಆವೃತ್ತಿಯ ಅಂಕಿ ಬರೆಯುವುದೇ ನಿಯಮಕ್ಕೆ ವಿರುದ್ಧ ಎಂಬುದು ಎಷ್ಟು ಜನರಿಗೆ ಗೊತ್ತು? ಕೇಬಲ್ಲಿಗೆ ಇರುವುದು ಹೈ ಸ್ಪೀಡ್, ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್ ಎಂಬಂಥ ಹೆಸರುಗಳು. ಪ್ರೀಮಿಯಂ ಎಂದರೆ 18 ಗಿಗಾಬಿಟ್, ಅಲ್ಟ್ರಾ ಎಂದರೆ 48. ಈ ಎರಡರ ಅಸಲಿ ಪೊಟ್ಟಣದ ಮೇಲೆ ಮೊಬೈಲಿನಿಂದ ಪರೀಕ್ಷಿಸಬಹುದಾದ ಚೀಟಿ ಇರುತ್ತದೆ. ಆದರೂ ಆನ್‌ಲೈನಿನಲ್ಲಿ ಹುಡುಕಿದರೆ '2.1 ಕೇಬಲ್' ಎಂಬವು ರಾಶಿರಾಶಿ. ಚಿನ್ನದ ಲೇಪನ ಪಿನ್ನು ತುಕ್ಕು ಹಿಡಿಯದಂತೆ ಕಾಯುತ್ತದೆ, ಚಿತ್ರವನ್ನು ಚಂದ ಮಾಡುವುದಿಲ್ಲ. ಡಿಜಿಟಲ್ ಸಿಗ್ನಲ್ಲಿಗೆ ಕೊಂಚ ಹೆಚ್ಚು ಕೆಂಪು, ಕೊಂಚ ಹೆಚ್ಚು ಆಳ ಎಂಬುದಿಲ್ಲ. ಅದು ತಲುಪುತ್ತದೆ, ಅಥವಾ ಚುಕ್ಕೆ ಮಿನುಗಿ ಅಲ್ಲಲ್ಲಿ ತಪ್ಪುತ್ತದೆ, ಅಥವಾ ತಲುಪುವುದೇ ಇಲ್ಲ. ಕೇಬಲ್ಲು ನಿಜಕ್ಕೂ ಅಪರಾಧಿಯಾಗುವುದು ಉದ್ದ ಹೆಚ್ಚಾದಾಗ. 18 ಗಿಗಾಬಿಟ್ಟನ್ನು ಸಾದಾ ತಾಮ್ರದ ತಂತಿಯಲ್ಲಿ ಐದು ಮೀಟರಿನಾಚೆ ಒಯ್ಯುವುದು ಕಷ್ಟ. ಪ್ರೊಜೆಕ್ಟರಿಗೆಂದು ಹನ್ನೆರಡು ಮೀಟರ್ ತಂತಿಯನ್ನು ಗೋಡೆಯೊಳಗೆ ಹೂತು, ಮೇಲೆ ಪಿಒಪಿ ಫಾಲ್ಸ್ ಸೀಲಿಂಗ್ ಹೊಡೆಸಿ, ಬಣ್ಣವೂ ಬಳಿಸಿದ ಮೇಲೆ ಇದು ತಿಳಿದರೆ ಏನು ಪ್ರಯೋಜನ? ಆಪ್ಟಿಕಲ್ ಕೇಬಲ್ ಹಾಕಿಸಿದವರಿಗೆ ಇನ್ನೊಂದು ಪೇಚು. ಅದಕ್ಕೆ ಹಿಂದು ಮುಂದು ಇದೆ, ಒಂದು ತುದಿ ಪ್ಲೇಯರಿಗೆ, ಇನ್ನೊಂದು ಪರದೆಗೆ. ಎಲೆಕ್ಟ್ರಿಷಿಯನ್ ತಿರುಗಿಸಿ ಎಳೆದುಬಿಟ್ಟರೆ ಗೋಡೆ ಒಡೆಯಬೇಕು.

ಹೆಸರುಗಳ ಮೋಸವೂ ಸಣ್ಣದಲ್ಲ. ಒಂದು ರಿಮೋಟಿನಿಂದ ಎಲ್ಲ ಯಂತ್ರಗಳನ್ನು ಹಚ್ಚುವ ಆರಿಸುವ ಸೌಲಭ್ಯ ಎಚ್‌ಡಿಎಂಐಯೊಳಗೇ ಇದೆ, ಅದರ ಹೆಸರು ಸಿಇಸಿ. ಸ್ಯಾಮ್‌ಸಂಗ್‌ನವರು ಅದನ್ನು ಎನಿನೆಟ್ ಪ್ಲಸ್ ಎಂದರು, ಎಲ್‌ಜಿಯವರು ಸಿಂಪ್‌ಲಿಂಕ್ ಎಂದರು, ಸೋನಿಯವರು ಬ್ರಾವಿಯಾ ಸಿಂಕ್, ಪ್ಯಾನಸೋನಿಕ್‌ನವರು ವಿಯೆರಾ ಲಿಂಕ್, ಫಿಲಿಪ್ಸ್‌ನವರು ಈಸಿಲಿಂಕ್. ಒಂದೇ ಮಗುವಿಗೆ ಐದು ನಾಮಕರಣ. ಸೌಂಡ್‌ಬಾರಿನ ಕೈಪಿಡಿ ಸಿಇಸಿ ಚಾಲೂ ಮಾಡಿ ಎನ್ನುತ್ತದೆ, ಟಿವಿಯ ಮೆನುವಿನಲ್ಲಿ ಆ ಪದವೇ ಇರುವುದಿಲ್ಲ. ಪೂರ್ತಿ ವೇಗದ 4ಕೆ ಚಿತ್ರ ಪಡೆಯಲು ಟಿವಿಯ ಆಯಾ ತೂತಿಗೆ ಅನುಮತಿ ಕೊಡಬೇಕಾಗುತ್ತದೆ. ಆ ಗುಂಡಿಗೂ ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಡೀಪ್ ಕಲರ್, ಸೋನಿಯಲ್ಲಿ ಎನ್‌ಹ್ಯಾನ್ಸ್‌ಡ್ ಫಾರ್ಮ್ಯಾಟ್. ಅನೇಕ ಟಿವಿಗಳು ಕಾರ್ಖಾನೆಯಿಂದ ಬರುವಾಗ ಆ ಗುಂಡಿ ಆರಿಯೇ ಇರುತ್ತದೆ. ಲಕ್ಷ ರೂಪಾಯಿಯ ಟಿವಿ ಮನೆಗೆ ಬಂದು ತನ್ನ ಅರ್ಧ ಶಕ್ತಿಯನ್ನು ಮೂರು ಮೆನುಗಳ ಹಿಂದೆ ಬಚ್ಚಿಟ್ಟುಕೊಂಡು ಕೂರುತ್ತದೆ.

ಹೀಗಿರುವಾಗ ಕಪ್ಪು ಪರದೆ ಎದುರಾದ ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಮೊದಲು ಎಲ್ಲ ಯಂತ್ರಗಳನ್ನು ಆರಿಸುವುದು, ರಿಮೋಟಿನಿಂದಲ್ಲ, ಗೋಡೆಯ ಸ್ವಿಚ್ಚಿನಿಂದ. ಸ್ಟ್ಯಾಂಡ್‌ಬೈನಲ್ಲಿ ನಿದ್ದೆ ಮಾಡುವ ಯಂತ್ರ ಹಳೆಯ ಮಾತುಕತೆಯನ್ನು ಮರೆಯುವುದಿಲ್ಲ. ಒಂದೆರಡು ನಿಮಿಷ ಬಿಟ್ಟು ಟಿವಿ, ಆಮೇಲೆ ರಿಸೀವರ್, ಕೊನೆಗೆ ಪ್ಲೇಯರ್. ಬರಲಿಲ್ಲವೆಂದರೆ ರಿಸೀವರನ್ನು ಪಕ್ಕಕ್ಕಿಟ್ಟು ಪ್ಲೇಯರನ್ನು ನೇರ ಟಿವಿಗೆ ಚುಚ್ಚುವುದು. ಚಿತ್ರ ಬಂದರೆ ಪ್ಲೇಯರ್, ಟಿವಿ ಮತ್ತು ಆ ಕೇಬಲ್ ನಿರ್ದೋಷಿಗಳು, ಅನುಮಾನ ರಿಸೀವರ್ ಮತ್ತು ಇನ್ನೊಂದು ಕೇಬಲ್ಲಿನ ಮೇಲೆ. ಮೆನು ಕಾಣುತ್ತದೆ, ಸಿನಿಮಾ ಹಚ್ಚಿದ ಕೂಡಲೇ ಕಪ್ಪಾಗುತ್ತದೆ ಎಂದಾದರೆ ಬೀಗದ ಮೇಲೆಯೇ ಅನುಮಾನ ಪಡಬೇಕು, ಏಕೆಂದರೆ ಅನೇಕ ಬಾಕ್ಸ್‌ಗಳಲ್ಲಿ ಮೆನುವಿಗೆ ಬೀಗವಿರುವುದಿಲ್ಲ. ಪ್ಲೇಯರಿನ ರೆಸಲ್ಯೂಷನನ್ನು 1080ಕ್ಕೆ ಇಳಿಸಿದಾಗ ಚಿತ್ರ ಬಂದು 4ಕೆಯಲ್ಲಿ ಬಾರದಿದ್ದರೆ ಆಗ ಕೇಬಲ್ಲನ್ನು, ಟಿವಿಯ ಆ ಬಚ್ಚಿಟ್ಟ ಗುಂಡಿಯನ್ನು, ಬೀಗದ ಪೀಳಿಗೆಯನ್ನು ಒಂದೊಂದಾಗಿ ನೋಡಬೇಕು. ಚಿತ್ರ ಇದ್ದು ಸದ್ದು ಮಾತ್ರ ಇಲ್ಲದಿದ್ದರೆ ತಂತಿ ಎಆರ್‌ಸಿ ಎಂದು ಬರೆದ ತೂತಿನಲ್ಲಿದೆಯೇ ನೋಡಬೇಕು. ಸಾಮಾನ್ಯವಾಗಿ ಟಿವಿಯಲ್ಲಿ ಅದು ಒಂದೇ ಇರುತ್ತದೆ.

ಇದನ್ನೆಲ್ಲ ಮಾಡಬಹುದು, ಮಾಡಿದರೆ ಅನೇಕ ಸಲ ಫಲವೂ ಇದೆ. ಆದರೆ ಇದು ಯಾರು ಮಾಡಬೇಕಾದ ಕೆಲಸ? ಬೀಗದ ತನಿಖೆ ಯಾವ ಹಂತದಲ್ಲಿ ಮುರಿಯಿತು, ಆ ಕಡೆಯ ಯಂತ್ರ ಯಾವ ಪೀಳಿಗೆಯದು, ಎಷ್ಟು ವೇಗಕ್ಕೆ ಒಪ್ಪಿತು ಎಂಬುದೆಲ್ಲ ಪ್ಲೇಯರಿನ ಚಿಪ್ಪಿಗೆ ಗೊತ್ತು. ಗೊತ್ತಿಲ್ಲದೆ ಅದು ಚಿತ್ರವನ್ನು ತಡೆಯುವುದಾದರೂ ಹೇಗೆ? ಕೆಲವು ರಿಸೀವರ್‌ಗಳ ಮೆನುವಿನ ಆಳದಲ್ಲಿ ಬರುವ ಸಿಗ್ನಲ್ ಏನು, ಹೋಗುವ ಸಿಗ್ನಲ್ ಏನು ಎಂದು ತೋರಿಸುವ ಪುಟ ಈಗಾಗಲೇ ಇದೆ. ಎಂದರೆ ಹೇಳಲು ಬರುವುದಿಲ್ಲ ಎಂಬ ನೆಪ ನಡೆಯುವುದಿಲ್ಲ. ಕೆಲವು ಬಾಕ್ಸ್‌ಗಳು ಒಂದು ಸಾಲು ತೋರಿಸುವುದೂ ಉಂಟು: ಎಚ್‌ಡಿಸಿಪಿ ದೋಷ, ಒಂದು ಸಂಖ್ಯೆ. ಅದನ್ನು ಓದಿ ಯಾರಿಗೆ ಏನು ತಿಳಿಯಬೇಕು? ಯಾವ ಯಂತ್ರ, ಯಾವ ತೂತು, ಏನು ಮಾಡಬೇಕು, ಈ ಮೂರನ್ನು ಹೇಳದ ಸಂದೇಶ ಸಂದೇಶವಲ್ಲ, ಗದರಿಕೆ.

ಗುಟ್ಟು ಬಿಟ್ಟುಕೊಡದಿರುವುದು ಈ ವ್ಯವಹಾರದ ಸ್ವಭಾವವೇ ಇರಬೇಕು. ತನ್ನ ಗ್ರಾಫಿಕ್ಸ್ ಚಿಪ್ಪುಗಳಿಗೆ ಎಲ್ಲರೂ ಓದಬಹುದಾದ ಲಿನಕ್ಸ್ ಡ್ರೈವರ್‌ನಲ್ಲಿ ಎಚ್‌ಡಿಎಂಐ 2.1ರ ಪೂರ್ತಿ ಬೆಂಬಲ ಸೇರಿಸಲು ಎಎಂಡಿ ಕಂಪನಿ ಹೊರಟಾಗ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ, 2024ರ ಫೆಬ್ರವರಿಯಲ್ಲಿ ಇದು ಹೊರಬಂತು. ತಂತಿ ಕೊಂಡವರ ಮನೆಯದು, ಅದರಲ್ಲಿ ಆಡುವ ಭಾಷೆ ಬೇರೆಯವರ ಸ್ವತ್ತು.

ಇಷ್ಟು ಸಂಕೀರ್ಣವಾದದ್ದನ್ನು ಜನಸಾಮಾನ್ಯರಿಗೆ ಹೇಳುವುದು ಹೇಗೆ ಎಂದು ತಯಾರಕರು ಕೇಳಬಹುದು. ಭಾರತದಲ್ಲಿ ಫ್ರಿಜ್ಜು, ಏಸಿ, ಟಿವಿಗಳ ಮೇಲೆ ಬಿಇಇಯ ನಕ್ಷತ್ರದ ಚೀಟಿ ಅಂಟಿಸುವಾಗಲೂ ಇದೇ ಪ್ರಶ್ನೆ ಇದ್ದಿರಬೇಕು. ವಿದ್ಯುತ್ ಬಳಕೆಯ ಲೆಕ್ಕ ಸರಳವಲ್ಲ, ಆದರೂ ಅದನ್ನು ಐದು ನಕ್ಷತ್ರಕ್ಕೆ ಇಳಿಸಲಾಯಿತು, ಈಗ ಅಂಗಡಿಗೆ ಹೋದ ಯಾರೇ ಆದರೂ ಮೊದಲು ಅದನ್ನೇ ನೋಡುತ್ತಾರೆ. ಟಿವಿಗೆ ಬಿಐಎಸ್ ನೋಂದಣಿಯೂ ಕಡ್ಡಾಯ. ಅದು ಶಾಕ್ ಹೊಡೆಯದಂತೆ, ಬೆಂಕಿ ಹತ್ತದಂತೆ ಕಾಯುವ ಪರೀಕ್ಷೆ. ಎಚ್‌ಡಿಎಂಐ ತೂತು ಯಾವ ವೇಗದ್ದು, ಅದರಲ್ಲಿ ಯಾವ ಪೀಳಿಗೆಯ ಬೀಗವಿದೆ ಎಂದು ಹೇಳುವ ಚೀಟಿ ಮಾತ್ರ ಎಲ್ಲೂ ಇಲ್ಲ. ಪ್ರತಿ ತೂತಿನ ಪಕ್ಕ ಎರಡು ಅಂಕಿ ಸಾಕು: ಎಷ್ಟು ಗಿಗಾಬಿಟ್, ಎಚ್‌ಡಿಸಿಪಿ ಎಷ್ಟನೆಯದು. ಪೆಟ್ಟಿಗೆಯ ಮೇಲೂ ಅದೇ ಅಂಕಿ. ಪರದೆ ಕಪ್ಪಾದಾಗ ಕಾರಣ ಒಂದು ಸಾಲು, ಆಯಾ ಊರಿನ ಭಾಷೆಯಲ್ಲಿ.

ಕಾನೂನಿನಲ್ಲಿ ಇದಕ್ಕೆ ಜಾಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನ ಹಕ್ಕುಗಳನ್ನು ಎಣಿಸುವಾಗ ವಸ್ತುವಿನ ಗುಣ, ಪ್ರಮಾಣ, ಸಾಮರ್ಥ್ಯ, ದರ್ಜೆ, ಬೆಲೆಗಳ ಬಗ್ಗೆ ತಿಳಿಯುವ ಹಕ್ಕನ್ನೂ ಸೇರಿಸುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಮನೆಬಳಕೆಯ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಕೈಪಿಡಿ, ಬಿಡಿಭಾಗ, ಸರ್ವಿಸ್ ಸೆಂಟರಿನ ಮಾತು ಅಲ್ಲಿ ನಡೆದಿದೆ. ಯಂತ್ರ ತನ್ನ ದೋಷವನ್ನು ತಾನೇ ಹೇಳಬೇಕು ಎಂಬ ಮಾತನ್ನು ಅದಕ್ಕೆ ಸೇರಿಸಲು ಹೊಸ ಕಾನೂನೇನೂ ಬೇಡ, ಕೇಳುವವರು ಬೇಕು.

ಕೇಳುವಾಗ ಮಾತಿನ ಬಗ್ಗೆ ಎಚ್ಚರವಿರಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಚಿತ್ರ ಬರುತ್ತಿಲ್ಲ ಎಂದರೆ ದೂರು ಕಂಪನಿಗೆ ಹೋಗುತ್ತದೆ, ಕಂಪನಿಯಿಂದ ಬರುವ ಉತ್ತರ ಯಾವುದೆಂದು ಈಗಾಗಲೇ ಗೊತ್ತಿದೆ: ಕೇಬಲ್ ಬದಲಿಸಿ ನೋಡಿ. ಅದರ ಬದಲು ಇಂಥ ಮಾದರಿಯ ರಿಸೀವರಿನ ಪೆಟ್ಟಿಗೆಯ ಮೇಲೆ 4ಕೆ ಎಂದಿತ್ತು, ಎಚ್‌ಡಿಸಿಪಿ ಎಷ್ಟನೆಯದು ಎಂದು ಬರೆದಿರಲಿಲ್ಲ, ಯಂತ್ರವೂ ಹೇಳಲಿಲ್ಲ, ಹಾಗಾಗಿ ಇಷ್ಟು ರೂಪಾಯಿ ನಷ್ಟವಾಯಿತು ಎಂದು ಬರೆಸಬೇಕು. ಪೆಟ್ಟಿಗೆಯ ಫೋಟೊ, ಬಿಲ್ಲು, ಬದಲಿಸಿದ ಕೇಬಲ್ಲುಗಳ ಬಿಲ್ಲು ಎಲ್ಲ ಜೊತೆಗಿರಲಿ. ಅದಕ್ಕೆ ಕೇಬಲ್ ಬದಲಿಸಿ ಎಂದು ಉತ್ತರ ಕೊಡಲು ಬರುವುದಿಲ್ಲ.